ಕಿವಿ ಕೊಯ್ಯದ ಎಮ್ಮೆ

ಸಿಂಧನೂರಿನ ಹಳೇ ಬಜಾರಿನ ಹಿಂದಿನ ಓಣಿಗೆ ಬಂದವರು ಜಂಬಣ್ಣನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಹಿಟ್ಟಿನ ಗಿರಣಿಯ ಸದ್ದು ಹಿಡಿದು ನಡೆದರೆ ಕಾಲು ತಾನಾಗಿ ಆ ಕಟ್ಟೆಯ ಮುಂದೆ ನಿಲ್ಲುತ್ತಿತ್ತು. ಮುಂದಿನ ಪಡಸಾಲೆಯಲ್ಲಿ ಗಿರಣಿ, ಹಿಂದೆ ಎರಡು ಖೋಲಿ, ಅದಕ್ಕಂಟಿಕೊಂಡು ಅಡುಗೆಮನೆ. ಗೋಡೆಗೆ ಎಷ್ಟು ಸುಣ್ಣ ಬಳಿದರೂ ಅದರ ಮೇಲೊಂದು ಪದರ ಹಿಟ್ಟು ಕೂರುತ್ತಿತ್ತು. ಪಾರ್ವತೆಮ್ಮ ಬೆಳಗಿನ ಲಿಂಗಪೂಜೆ ಮುಗಿಸಿ ಗಿರಾಕಿಗಳ ಬುಟ್ಟಿ ಇಳಿಸಿಕೊಳ್ಳಲು ಬಂದು ನಿಂತರೆ, ಹಣೆಯ ಮೇಲಿನದು ವಿಭೂತಿಯೋ ಜೋಳದ ಹಿಟ್ಟೋ ಹೇಳಲಾಗುತ್ತಿರಲಿಲ್ಲ. ಎರಡೂ ಶಿವನದೇ ಅಲ್ಲವೇ ಎಂದು ಆಕೆ ನಗುತ್ತಿದ್ದಳು.

ಮನೆ ಮಾತ್ರ ಅವರದಾಗಿರಲಿಲ್ಲ. ಅದು ಹಾಜಿಸಾಬನದು. ಎಂಟು ವರ್ಷದ ಹಿಂದೆ ಸಂತೆಕಲ್ಲೂರಿನ ಒಣ ಹೊಲ, ಅರ್ಧ ಮನೆ ಎರಡನ್ನೂ ತಮ್ಮ ಬಸ್ಸಪ್ಪನಿಗೆ ಬಿಟ್ಟುಕೊಟ್ಟು ಜಂಬಣ್ಣ ಹೆಂಡತಿ ಮಗನೊಂದಿಗೆ ಕಾಲುವೆಯ ನೀರಿನ ಊರಿಗೆ ಬಂದಿದ್ದ. ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತ, ತೂಕ ಬರೆದ, ಕಡೆಗೆ ಹಳೇ ಮೋಟಾರು, ಎರಡು ಬೀಸುಗಲ್ಲು ಕೊಂಡು ಇಲ್ಲಿ ಗಿರಣಿ ಹೂಡಿದ್ದ. ಆ ಮನೆಗೆ ತ್ರೀ ಫೇಸ್ ಕರೆಂಟು ಎಳೆಸಲು ಎರಡು ವರ್ಷ ಓಡಾಡಿದ್ದ. ಮೀಟರು ಹಾಜಿಸಾಬನ ಹೆಸರಿನಲ್ಲಿ, ಮನೆಗೆ ಅಂಟಿಕೊಂಡದ್ದು. ಮನೆ ಹೋದರೆ ಕರೆಂಟು ಹೋಯಿತು, ಕರೆಂಟು ಹೋದರೆ ಗಿರಣಿ ಹೋಯಿತು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಬಾಡಿಗೆ ಕೊಡುವುದು ಒಂದು ತಿಂಗಳೂ ತಡವಾಗಿರಲಿಲ್ಲ.

ತೊಂಬತ್ತಾರನೇ ಇಸವಿಯ ಮುಂಗಾರಿನಲ್ಲಿ ಹಾಜಿಸಾಬ ಕಟ್ಟೆಯ ಮೇಲೆ ಬಂದು ಕುಳಿತು ಚಹಾ ಕುಡಿದ. ತಾನು ರಾಯಚೂರಿನಲ್ಲಿರುವ ಮಗನ ಕಡೆ ಹೋಗುತ್ತಿರುವುದಾಗಿಯೂ, ಮನೆ ಮಾರುವವನಿರುವುದಾಗಿಯೂ ಹೇಳಿದ. ಗಂಗಾವತಿಯ ಅಕ್ಕಿ ವ್ಯಾಪಾರಿಯೊಬ್ಬ ಗೋದಾಮಿಗೆಂದು ಕೇಳಿದ್ದಾನೆ, ತೊಂಬತ್ತು ಸಾವಿರಕ್ಕೆ ಒಪ್ಪಿದ್ದಾನೆ.

"ಆದ್ರ ಮೊದಲು ನಿಮ್ಮನ್ನ ಕೇಳೋದು ನನ್ನ ಫರ್ಜ್ ಐತಿ ಜಂಬಣ್ಣ. ದಸರಾ ತನಕ ತಡೀತೀನಿ. ಅದರಾಚೆ ನನಗೂ ಆಗಂಗಿಲ್ಲ," ಎಂದ.

ಮನೆಯಲ್ಲಿದ್ದ ಹದಿನೈದು ಸಾವಿರವನ್ನು ಸಂಚಕಾರ ಕೊಟ್ಟು, ಛಾಪಾ ಕಾಗದದ ಮೇಲೆ ಬರೆಸಿದ್ದಾಯಿತು. ದಸರೆಯೊಳಗೆ ಉಳಿದದ್ದು ಕೊಡದಿದ್ದರೆ ಸಂಚಕಾರ ಮುಳುಗಿತು. ಉಳಿದದ್ದಕ್ಕೆ ಬ್ಯಾಂಕು ಇತ್ತು. ಆ ಮನೆಯನ್ನೇ ಅಡಮಾನ ಬರೆಸಿಕೊಂಡು ಮನೆ ಕೊಳ್ಳಲು ಸಾಲ ಕೊಡುತ್ತಾರೆಂದು ಮಗ ಶಿವಶರಣಪ್ಪ ವಿಚಾರಿಸಿಕೊಂಡು ಬಂದಿದ್ದ. ಇಪ್ಪತ್ನಾಲ್ಕರ ಹುಡುಗ, ಹೋದ ವರ್ಷ ಲಿಂಗಸುಗೂರಿನ ಕಸ್ತೂರೆಮ್ಮನನ್ನು ಮದುವೆಯಾಗಿದ್ದ. ಮ್ಯಾನೇಜರರು ಗಿರಣಿಯ ಚೀಟಿಗಳನ್ನು ನೋಡಿ ತಲೆಯಾಡಿಸಿದರಂತೆ. ಅಪ್ಪ ಮಗ ಒಂದೇ ಮನೆಯವರಾದ್ದರಿಂದ ಇಬ್ಬರ ಸಹಿಯೂ ಬೇಕು ಎಂದರಂತೆ. ಹುಟ್ಟಿದೂರಿನ ಕಡೆಯ ಬ್ಯಾಂಕಿನಿಂದ, ಅಂದರೆ ಮಸ್ಕಿಯಿಂದ, ಬಾಕಿ ಏನೂ ಇಲ್ಲವೆಂಬ ಬೇಬಾಕಿ ಪತ್ರ ತಂದುಬಿಟ್ಟರೆ ಉಳಿದದ್ದು ತಮ್ಮ ಕೆಲಸ ಎಂದರಂತೆ.

ಮಗ ಇದನ್ನು ಊಟಕ್ಕೆ ಕೂತಲ್ಲಿ ಹೇಳುವಾಗ ಜಂಬಣ್ಣನ ಕೈ ರೊಟ್ಟಿಯ ಮೇಲೆ ನಿಂತಿತು.

"ಮಸ್ಕಿಗೆ ನಾ ಹೋಗ್ತೀನಿ ಬಿಡು," ಎಂದ.

ಮರುದಿನ ಹೋಗಿ ಬಂದವನು ಮ್ಯಾನೇಜರರು ರಜೆ ಎಂದ. ಮುಂದಿನ ವಾರ ಹೋದಾಗ ಕೆಲಸ ಬಹಳವಿತ್ತು ಎಂದ. ಮೂರನೆಯ ಸಲ ಪುಸ್ತಕ ಸಿಗಲಿಲ್ಲವೆಂದ. ಹೀಗೇ ಆಷಾಢ ಕಳೆಯಿತು. ನಾಲ್ಕನೆಯ ಸಲ ಶಿವಶರಣಪ್ಪ ಅಪ್ಪನಿಗೆ ಹೇಳದೆ ಬೆಳಗಿನ ಬಸ್ಸು ಹತ್ತಿದ.

ಅವನು ತಿರುಗಿ ಬಂದಾಗ ಮಧ್ಯಾಹ್ನ. ಗಿರಣಿ ನಿಲ್ಲಿಸಿ ಜಂಬಣ್ಣ ಊಟಕ್ಕೆ ಕೂತಿದ್ದ. ಪುಂಡಿಪಲ್ಲೆ, ಬಿಸಿ ರೊಟ್ಟಿ. ಕಸ್ತೂರೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಗ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತದ್ದನ್ನು ನೋಡಿ ಪಾರ್ವತೆಮ್ಮನಿಗೆ ಏನೋ ಕೆಟ್ಟದ್ದಾಗಿದೆ ಎಂದು ಗೊತ್ತಾಯಿತು.

"ಯಪ್ಪಾ, ನೀ ಎಮ್ಮಿ ಮಾರಿದ್ದೇನು?"

ಜಂಬಣ್ಣ ತಲೆ ಎತ್ತಲಿಲ್ಲ.

"ಯಾವ ಎಮ್ಮಿಯಪಾ?" ಎಂದಳು ಪಾರ್ವತೆಮ್ಮ.

"ಸಾಲದ ಎಮ್ಮಿ ಬೇ. ಸಂತೆಕಲ್ಲೂರಾಗ ಇತ್ತಲ್ಲ, ಅದು. ಸಾಲದ ಜಾನುವಾರ ಮಾರಿಕೊಂಡು ಬೇಕಂತ ಬಾಕಿ ಉಳಿಸ್ಯಾನ ಅಂತ ಬ್ಯಾಂಕಿನ್ಯಾಗ ಬರದಾರ. ಹತ್ತು ವರ್ಷ ಆತು ಬರದು. ಬಡ್ಡಿ ಸುದ್ದ ಎಂಟೂವರಿ ಸಾವಿರ ಆಗ್ಯಾವ." ಅವನ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಸಿತು. "ಇನ್ನೊಂದು ಕೇಳು. ಅಪ್ಪನ್ನ ಆ ಬ್ಯಾಂಕಿನವರು ಯಾರೂ ನೋಡೇ ಇಲ್ಲಂತ. ಮೂರು ಸಲ ಮಸ್ಕಿಗೆ ಹೋಗಿ ಎಲ್ಲಿ ಕುಂತಿದ್ದಿ ಯಪ್ಪಾ?"

ಜಂಬಣ್ಣ ತಾಟಿನಲ್ಲಿ ಕೈ ತೊಳೆದ. "ಗುಡ್ಡದ ಮಲ್ಲಯ್ಯನ ಗುಡಿ ಪಾವಟಿಗಿ ಮ್ಯಾಲ ಕುಂತಿದ್ದೆ," ಎಂದ.

ಆ ಎಮ್ಮೆಯ ಕತೆ ಪಾರ್ವತೆಮ್ಮನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಎಂಬತ್ತೈದರಲ್ಲಿ ಲಿಂಗಸುಗೂರಿನಲ್ಲಿ ಸಾಲಮೇಳವಾದಾಗ ಸಂತೆಕಲ್ಲೂರಿನಿಂದ ಎರಡು ಟ್ರ್ಯಾಕ್ಟರು ತುಂಬ ಜನ ಹೋಗಿ, ಬರುವಾಗ ಎಮ್ಮೆ ಹೊಡೆದುಕೊಂಡು ಬಂದಿದ್ದರು. ಒಂದೊಂದರ ಕಿವಿಗೂ ಬ್ಯಾಂಕಿನವರು ನಂಬರಿನ ಹಿತ್ತಾಳೆ ಬಿಲ್ಲೆ ಚುಚ್ಚಿದ್ದರು. ರಕ್ತ ಒಸರುತ್ತಿದ್ದ ಕಿವಿಗೆ ಪಾರ್ವತೆಮ್ಮ ಅರಿಶಿಣ ಮೆತ್ತಿ, ಹಣೆಗೆ ವಿಭೂತಿ ಹಚ್ಚಿ ಒಳಗೆ ಕರೆದುಕೊಂಡಿದ್ದಳು. ಆ ಮಳೆಗಾಲದಲ್ಲಿ ಶಿವಶರಣಪ್ಪನಿಗೆ ವಿಷಮಜ್ವರ ಬಂದು ನಲವತ್ತು ದಿನ ಅನ್ನ ಒಲ್ಲದೆ ಮಲಗಿದಾಗ ಅವನ ಗಂಟಲಲ್ಲಿ ಇಳಿದದ್ದು ಆ ಹಾಲೊಂದೇ.

ಎರಡನೆಯ ವರ್ಷ ಎಮ್ಮೆ ಈಯಲಾರದೆ ಸತ್ತಿತು. ಕರು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತು. ಬಿಲ್ಲೆಯಿದ್ದ ಕಿವಿಯನ್ನು ಕೊಯ್ದು, ಉಪ್ಪು ಸವರಿ, ಅರಿವೆಯಲ್ಲಿ ಸುತ್ತಿ ಬ್ಯಾಂಕಿಗೆ ಒಯ್ದು ತೋರಿಸಿದರೆ ವಿಮೆಯ ಹಣ ಸಾಲಕ್ಕೆ ಜಮೆಯಾಗುತ್ತಿತ್ತು. ಊರಿನವರೆಲ್ಲ ಹಾಗೇ ಮಾಡುತ್ತಿದ್ದರು. ಕೆಲವರಂತೂ ಇನ್ನೂ ಬದುಕಿದ್ದ ಎಮ್ಮೆಯ ಕಿವಿಯನ್ನೇ ಕೊಯ್ದು, ಸತ್ತಿತೆಂದು ಒಯ್ದು ತೋರಿಸಿ ಸಾಲ ತೀರಿಸಿಕೊಂಡಿದ್ದರು. ಮೋಟುಗಿವಿಯ ಎಮ್ಮೆಗಳು ಆ ವರ್ಷ ಹಳ್ಳದ ದಂಡೆಯಲ್ಲಿ ಹಾಯಾಗಿ ಮೇಯುತ್ತಿದ್ದವು.

ಜಂಬಣ್ಣ ಕುಡುಗೋಲು ಮಸೆಯುತ್ತಿದ್ದ. ಕುಣಿ ತೋಡಲು ಬಂದ ಪಕೀರಪ್ಪ ಸಲಿಕೆ ಊರಿಕೊಂಡು ಕಾಯುತ್ತಿದ್ದ. ಆಗ ಪಾರ್ವತೆಮ್ಮ ಎಮ್ಮೆಯ ತಲೆಯ ಬಳಿ ಹೋಗಿ ಕುಳಿತಳು.

"ನಮ್ಮ ಮನಿಯೊಳಗ ಸತ್ತವರನ್ನ ಇಡಿಯಾಗಿ ಮಣ್ಣಿಗೆ ಕೊಡ್ತೀವಿ. ನನ್ನ ಮಗನ ಜೀವ ಉಳಿಸೇತಿ ಇದು. ಇದಕ್ಕ ಕತ್ತಿ ಹಚ್ಚಿದ್ರ ನಾನು ನಾಳಿಂದ ಯಾವ ಕೈಯಿಂದ ಪೂಜಿ ಮಾಡ್ಲಿ?"

ಗಂಡ ಒಂದು ಗಳಿಗೆ ಅವಳ ಮುಖ ನೋಡಿ ಕುಡುಗೋಲನ್ನು ಗೋಡೆಗೆ ಸಿಗಿಸಿದ. ಹಿತ್ತಲಲ್ಲಿ ಆಳ ಕುಣಿ ತೋಡಿಸಿ, ಪತ್ರಿ ಹಾಕಿ, ವಿಭೂತಿ ಹಚ್ಚಿ, ಬಿಲ್ಲೆ ಸಮೇತ ಮಣ್ಣು ಮಾಡಿದರು. ಅದಾದ ಮೇಲೆ ಸಾಲವೂ ಹೇಗೋ ಮಣ್ಣಾಯಿತೆಂದೇ ಪಾರ್ವತೆಮ್ಮ ತಿಳಿದಿದ್ದಳು. ಕೆಲ ವರ್ಷದ ಮೇಲೆ ಬಡವರ ಸಾಲವೆಲ್ಲ ಮನ್ನಾ ಆಯಿತೆಂದು ಊರಿಗೆ ಊರೇ ಹೇಳಿದಾಗ ಅವಳು ಲಿಂಗಕ್ಕೆ ಒಂದು ಹೂವು ಹೆಚ್ಚಿಗೆ ಏರಿಸಿದ್ದಳು.

ಮನ್ನಾ ಆಗಿದ್ದು ಬೇರೆಯವರದು ಎಂಬುದು ಈಗ ಗೊತ್ತಾಯಿತು. ಎಮ್ಮೆ ಸತ್ತ ಆರು ತಿಂಗಳಿಗೆ ಬ್ಯಾಂಕಿನವನೊಬ್ಬ ಊರಿಗೆ ಬಂದಿದ್ದನಂತೆ. ಎಮ್ಮೆ ಎಲ್ಲಿ ಎಂದರೆ ಸತ್ತಿತು ಎಂದನಂತೆ ಜಂಬಣ್ಣ, ಕಿವಿ ಎಲ್ಲಿ ಎಂದರೆ ಹುಗಿದೆವು ಎಂದನಂತೆ. ಅವನು ನಕ್ಕು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಇಂಥ ಮಾತು ಆಡುತ್ತೀಯಲ್ಲ ಎಂದು, ಮಾರಿಕೊಂಡಿದ್ದಾನೆಂದು ಬರೆದುಕೊಂಡು ಹೋದನಂತೆ. ಮಾರಿಕೊಂಡವರಿಗೆ ಮನ್ನಾ ಇರಲಿಲ್ಲ.

"ನನಗ ಯಾಕ ಹೇಳಲಿಲ್ಲ?" ಎಂದು ಪಾರ್ವತೆಮ್ಮ ಗಂಡನನ್ನು ಕೇಳಿದಳು.

"ಹೇಳಿದ್ರ ನೀ ಪೂಜಿಗೆ ಕುಂತಾಗೆಲ್ಲ ಅದು ನೆನಪಾಗ್ತಿತ್ತು," ಎಂದ ಜಂಬಣ್ಣ.

"ಆತು, ಪೂಜಿ ನೆಟ್ಟಗಾತು," ಎಂದ ಶಿವಶರಣಪ್ಪ. "ಮನಿ ಹೋತು."

"ಆ ಹಾಲು ಕುಡದು ಬದುಕಿದಾಂವ ನೀನಲೇ," ಎಂದ ಜಂಬಣ್ಣ.

"ಬದುಕಿ ಏನ್ ಮಾಡ್ಲಿ, ಯಪ್ಪಾ? ನೀವು ಒಂದು ಕಿವಿ ಉಳಿಸಿದ್ರಿ. ನಾ ಇಲ್ಲಿ ಎಲ್ಲಾರ ಮುಂದ ಕಿವಿ ಹಿಡಕೊಂಡು ನಿಂತೀನಿ."

ಆ ಹೊತ್ತಿನ ರೊಟ್ಟಿಗಳು ಬುಟ್ಟಿಯಲ್ಲೇ ಉಳಿದವು.

ಮಾರನೇ ದಿನದಿಂದ ಮನೆಯಲ್ಲಿ ಮಾತು ಕಡಿಮೆಯಾಗಿ ಪಾತ್ರೆಗಳ ಸದ್ದು ಹೆಚ್ಚಾಯಿತು. ಗಿರಣಿ ಮೊದಲಿನಂತೆ ಓಡುತ್ತಿತ್ತು. ಹಿಟ್ಟಿಗೆ ಬಂದ ಕನಕಮ್ಮ, ಯಾಕವ್ವಾ ಎಲ್ಲರೂ ಒಬ್ಬರ ಮಾರಿ ಒಬ್ಬರು ನೋಡವಲ್ರಿ ಎಂದು ಕೇಳಿ ಬುಟ್ಟಿ ಹೊತ್ತು ಹೋದಳು. ಬಾಕಿ ಕಟ್ಟಿದರೆ ಬೇಬಾಕಿ ಕೊಡುತ್ತೇವೆಂದು ಮಸ್ಕಿಯವರು ಹೇಳಿದ್ದರು. ಎಂಟೂವರೆ ಸಾವಿರ ಎಲ್ಲಿಂದ ತರುವುದು ಎಂದು ಒಂದು ವಾರ ಚರ್ಚೆಯಾಯಿತು. ಬಸ್ಸಪ್ಪನಿಗೆ ಹೇಳಿಕಳಿಸಿದರೆ ಅವನು ಎರಡು ಚೀಲ ಜೋಳ ಕಳಿಸಿದ, ದುಡ್ಡು ಕಳಿಸಲಿಲ್ಲ.

ಕೊನೆಗೆ ಕಸ್ತೂರೆಮ್ಮನ ಬಿಲ್ವಾರವೇ ಆಗಬೇಕಾಯಿತು. ತವರಿನಲ್ಲಿ ಹಾಕಿದ್ದ ಎರಡು ಬಂಗಾರದ ಬಿಲ್ವಾರ. ಹುಡುಗಿ ಒಲ್ಲೆ ಎನ್ನಲಿಲ್ಲ. ಕೈಗೆ ಸಾಬೂನು ಹಚ್ಚಿ, ಒಂದೊಂದಾಗಿ ಕಳಚಿ, ಅತ್ತೆಯ ಕೈಗೆ ಕೊಡದೆ ಗಂಡನ ಕೈಗೆ ಕೊಟ್ಟಳು.

"ಅಪ್ಪ ಬಂದು ಕೇಳಿದ್ರ ಏನ್ ಹೇಳ್ಲಿ, ಅತ್ತಿ?" ಎಂದಳು. "ಸತ್ತ ಎಮ್ಮಿಗೆ ಹಾಕೀನಿ ಅಂತ ಹೇಳ್ಲೇನು?"

ಪಾರ್ವತೆಮ್ಮನಿಗೆ ಸೊಸೆಯ ಖಾಲಿ ಮುಂಗೈಯನ್ನೊಮ್ಮೆ ಸವರಬೇಕೆನ್ನಿಸಿತು. ಆದರೆ ಹುಡುಗಿ ಆಗಲೇ ಕೊಡ ಎತ್ತಿಕೊಂಡು ನಲ್ಲಿಯ ಕಡೆ ಹೋಗಿಯಾಗಿತ್ತು.

ಬಿಲ್ವಾರವನ್ನು ಸೇಟನ ಬಳಿ ಒತ್ತೆಯಿಟ್ಟು, ಶ್ರಾವಣದ ಎರಡನೇ ಸೋಮವಾರ ಬಾಕಿ ಕಟ್ಟಿ ಪತ್ರ ತಂದರು. ಅಂದು ಮನೆಯಲ್ಲಿ ಹೋಳಿಗೆ ಆಯಿತು. ಬಹಳ ದಿನಕ್ಕೆ ಅಪ್ಪ ಮಗ ಒಂದೇ ಸಾಲಿನಲ್ಲಿ ಕೂತು ಉಂಡರು. ಸಿಂಧನೂರಿನ ಮ್ಯಾನೇಜರರು ಪತ್ರ ಓದಿದರು, ಇನ್ನೊಮ್ಮೆ ಓದಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಂತೆ. ಬಾಕಿ ಇಲ್ಲ ಎಂಬುದರ ಕೆಳಗೆ, ಸಾಲದ ಜಾನುವಾರು ಮಾರಿ ಉದ್ದೇಶಪೂರ್ವಕ ಬಾಕಿದಾರನಾಗಿದ್ದ ಎಂಬ ಸಾಲೊಂದು ಇತ್ತು, ತರುವಾಗ ಇವರು ಅದನ್ನು ಗಮನಿಸಿರಲಿಲ್ಲ. ಎಮ್ಮೆ ಕೊಟ್ಟರೆ ಎಮ್ಮೆ ಮಾರಿಕೊಂಡವನ ಕೈಗೆ ಮನೆ ಕೊಡಲು ತಮ್ಮ ಮೇಲಿನವರು ಒಪ್ಪುವುದಿಲ್ಲ ಎಂದರಂತೆ. ದುಡ್ಡು ಕಟ್ಟಿದ್ದೀವಲ್ಲ ಸಾರ್ ಎಂದರೆ, ದುಡ್ಡು ಕಟ್ಟಿದರೆ ಬಾಕಿ ಹೋಗುತ್ತದೆ, ಹೆಸರು ಹಂಗೇ ಇರುತ್ತದೆ ಎಂದರಂತೆ. ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಬರೆದು ವಾಪಸು ಕೊಟ್ಟರು.

ಜಂಬಣ್ಣ ಆ ಕಾಗದವನ್ನು ಮಗನ ಕೈಯಿಂದ ಓದಿಸಿಕೊಂಡ. ಮರುದಿನ ಬೆಳಿಗ್ಗೆ ಜಳಕ ಮಾಡಿ ವಿಭೂತಿ ಹಚ್ಚಿಕೊಳ್ಳದೆ ಗಿರಣಿಗೆ ಬಂದು ನಿಂತ. ಯಾಕೆಂದು ಕೇಳಿದ ಹೆಂಡತಿಗೆ, ಹಚ್ಚಿಕೊಂಡರೆ ಜನ ನಗುತ್ತಾರೆ ಎಂದಷ್ಟೇ ಹೇಳಿದ.

ಆ ಒಂದು ಸಾಲನ್ನು ಅಳಿಸುವುದು ಹೇಗೆ ಎಂದು ಮೂರು ದಿನ ಯೋಚಿಸಿ ಪಾರ್ವತೆಮ್ಮನೇ ಬಾಯಿ ತೆರೆದಳು. ತಾಟಿನ ಮುಂದೆ ಕೂತ ಮಗನಿಗೆ ಅಂಬಲಿ ಬಡಿಸುತ್ತಾ ಹೇಳಿದಳು.

"ಬಿಲ್ಲೆ ಎಲ್ಲಿಗೂ ಹೋಗಿಲ್ಲಪಾ. ಕುಣಿಯೊಳಗ ಐತಿ. ತಗಿಯೋಣು."

ಶಿವಶರಣಪ್ಪ ತಾಯಿಯನ್ನು ದಿಟ್ಟಿಸಿದ. "ನೀ ಹೇಳಾಕತ್ತಿಯೇನ್ ಬೇ ಇದನ್ನ?"

"ನಾನ ಹೇಳಾಕತ್ತೀನಿ."

ಸಂತೆಕಲ್ಲೂರಿಗೆ ಅವರು ಹೋದ ದಿನ ಮೋಡವಿತ್ತು, ಮಳೆ ಇರಲಿಲ್ಲ. ಬಸ್ಸಪ್ಪನ ಹಿತ್ತಲಲ್ಲಿ ಈಗ ಸೌದೆ ಒಟ್ಟಿತ್ತು. ಅತ್ತಿತ್ತ ನಾಲ್ಕು ಹೆಜ್ಜೆ ನಡೆದು, ಗೋಡೆಯ ಮೂಲೆಯಿಂದ ಲೆಕ್ಕ ಹಾಕಿ ಪಾರ್ವತೆಮ್ಮ ಕಾಲಿನಿಂದ ಗೆರೆ ಎಳೆದಳು. ಅಗೆಯಲು ಕರೆಸಿದ್ದು ಅದೇ ಪಕೀರಪ್ಪನನ್ನು. ಅವನ ಗಡ್ಡ ಬೆಳ್ಳಗಾಗಿತ್ತು.

"ಅವತ್ತ ಹೇಳಿದ್ನೆಲ್ಲವ್ವಾ, ಕೊಯ್ದು ಇಟ್ಕೋರಿ ಅಂತ," ಎಂದ ಅವನು. "ಒಂದ ಕುಣಿ ಎರಡು ಸಲ ಅಗಿಯೋ ಕೂಲಿ ನಾ ಇಲ್ಲಿತನಕ ಮಾಡಿಲ್ಲ."

ಎದೆಮಟ್ಟ ಆಳದಲ್ಲಿ ಬುರುಡೆ ಸಿಕ್ಕಿತು. ಅದರ ಪಕ್ಕದಲ್ಲಿ, ಮಣ್ಣಿನ ಹೆಂಟೆಯೊಳಗೆ, ಹಸಿರುಗಟ್ಟಿದ ಬಿಲ್ಲೆ. ಪಕೀರಪ್ಪ ಅದನ್ನು ಎತ್ತಿ ಮೇಲಕ್ಕೆ ಕೊಟ್ಟ. ಶಿವಶರಣಪ್ಪ ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ನಂಬರು ಮೂಡಿತು. ಎರಡು, ಒಂದು, ಎಂಟು, ನಾಲ್ಕು. ಅವನು ಅದನ್ನು ಓದುವಾಗ ಮಗುವಿನ ಹಾಗೆ ನಕ್ಕ. ಪಾರ್ವತೆಮ್ಮ ಕುಣಿಯೊಳಗೆ ನೋಡಿದಳು. ದೊಡ್ಡ ಎಲುಬಿನ ಗೂಡಿನೊಳಗೆ ಸಣ್ಣ ಎಲುಬುಗಳಿದ್ದವು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಿರುಗಿ ನಿಂತಳು. ಮುಚ್ಚಿಬಿಡು ಪಕೀರಪ್ಪಾ ಎಂದಳು. ಈ ಸಲ ವಿಭೂತಿ ತಂದಿರಲಿಲ್ಲ.

ಅಲ್ಲಿಂದಲೇ ಟಂಟಂ ಹತ್ತಿ ಮಸ್ಕಿಗೆ ಹೋದರು. ಬ್ಯಾಂಕಿನ ಈಗಿನ ಮ್ಯಾನೇಜರರು ಹರೆಯದವರು, ಒಳ್ಳೆಯವರು. ಬೆಂಚಿನ ಮೇಲೆ ಕೂರಿಸಿ ನೀರು ಕೊಡಿಸಿದರು. ಹಳೇ ಪುಸ್ತಕ ತೆಗೆಸಿ ನಂಬರು ಹೋಲಿಸಿದರು. ನಂಬರು ಸರಿಯಾಗಿತ್ತು. ಪಾರ್ವತೆಮ್ಮ ಕೈಮುಗಿದು ಆದದ್ದೆಲ್ಲ ಹೇಳಿದಳು. ಅವರು ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತ ಪೂರ್ತಿ ಕೇಳಿದರು.

"ಅಮ್ಮಾ, ನಾನು ನಂಬ್ತೀನಿ. ಆದ್ರ ನಾ ನಂಬಿದ್ರ ಏನಾಗಂಗಿಲ್ಲ," ಎಂದರು. "ಆಗ ದನದ ಡಾಕ್ಟರು ಬಂದು ಬರದುಕೊಟ್ಟಿಲ್ಲ. ಬಿಲ್ಲೆ ನೀವ ಕಿತ್ತಿಟ್ಟುಕೊಂಡು ಎಮ್ಮಿ ಮಾರಿದ್ರಿ, ಈಗ ತಂದೀರಿ ಅಂತ ಕೇಳಿದ್ರ ಏನ್ ಹೇಳ್ತೀರಿ? ಆಗ ಬರದದ್ದು ಅಳಸಾಕ ನನಗ ಅಧಿಕಾರ ಇಲ್ಲ."

"ಎಲುಬು ಅದಾವ್ರಿ ಸಾಹೇಬ್ರ. ಬಂದು ನೋಡ್ರಿ."

"ಎಲುಬಿನ ಮ್ಯಾಲ ನಂಬರ್ ಇರಂಗಿಲ್ಲಮ್ಮಾ," ಎಂದರು ಅವರು, ತಲೆ ತಗ್ಗಿಸಿ.

ಬಿಲ್ಲೆಯನ್ನು ಅವರು ವಾಪಸು ಕೊಟ್ಟರು. ಬಸ್ಸಿನಲ್ಲಿ ಮಗ ಅದನ್ನು ಕಿಟಕಿಯಿಂದ ಹೊರಗೆ ಎಸೆದ.

ದಸರೆಗೆ ಐದು ವಾರ ಉಳಿದಿದ್ದಾಗ ಸಿಂಧನೂರಿನ ಬ್ಯಾಂಕಿನ ಗುಮಾಸ್ತನೊಬ್ಬ ಶಿವಶರಣಪ್ಪನಿಗೆ ಒಂದು ದಾರಿ ಹೇಳಿದ. ಹೆಸರು ಕೆಟ್ಟಿರುವುದು ಅಪ್ಪನದು. ಮಗ ಪಾಲು ತೆಗೆದುಕೊಂಡು ಬೇರೆಯಾಗಿದ್ದಾನೆಂದು ಪಾಲುಪತ್ರ ಮಾಡಿಸಿ, ರೇಷನ್ ಕಾರ್ಡು ಬೇರೆ ಮಾಡಿಸಿಕೊಂಡು ಒಬ್ಬನೇ ಹೊಸ ಅರ್ಜಿ ಹಾಕಬಹುದು. ಸಾಹೇಬರೊಬ್ಬರು ಮನೆಗೆ ಬಂದು ನೋಡುತ್ತಾರೆ. ಒಲೆ ಎರಡು ಇರಬೇಕು.

ಕಾಗದದ ಮೇಲೆ ತಾನೇ, ಎಂದರು ಎಲ್ಲರೂ. ಜಂಬಣ್ಣ ಪಾಲುಪತ್ರಕ್ಕೆ ಸಹಿ ಹಾಕಿದ. ಗಿರಣಿ, ಮೋಟಾರು, ಎರಡು ಬೀಸುಗಲ್ಲು ಮಗನ ಪಾಲಿಗೆ. ತಂದೆಯ ಪಾಲಿಗೆ ಪಾತ್ರೆ ಪಡಗ. ಬರೆಯುವವನು, ತಂದೆಗೆ ಇನ್ನೇನಾದರೂ ಇದೆಯೇ ಎಂದು ಕೇಳಿದಾಗ ಜಂಬಣ್ಣ ಇಲ್ಲವೆಂದ.

ಹಿಂದಿನ ಖೋಲಿಯ ಮೂಲೆಯಲ್ಲಿ ಪಾರ್ವತೆಮ್ಮ ಹೊಸ ಒಲೆ ಹಾಕಿದಳು. ಕಸ್ತೂರೆಮ್ಮ ಅಡುಗೆಮನೆಯಲ್ಲೇ ಉಳಿದಳು. ಸಾಹೇಬರು ಯಾವಾಗ ಬರುವರೋ ತಿಳಿಯದ್ದರಿಂದ ದಿನವೂ ಎರಡೂ ಒಲೆ ಹೊತ್ತಿಸಬೇಕಾಯಿತು. ಮೊದಮೊದಲು ನಗೆಯಾಟವಾಗಿತ್ತು. ಅತ್ತೆ ಹಚ್ಚಿದ ಒಲೆಯ ಮೇಲೆ ಬರೀ ನೀರು ಕುದಿಯುತ್ತಿತ್ತು, ಅಡುಗೆ ಸೊಸೆಯದೇ ಆಗುತ್ತಿತ್ತು. ಆಮೇಲೆ ಉರಿ ಸುಮ್ಮನೆ ಹಾಳಾಗುತ್ತದೆಂದು ಪಾರ್ವತೆಮ್ಮ ಅದರ ಮೇಲೆ ಗಂಡನಿಗೆ ನುಚ್ಚು ಬೇಯಿಸಿದಳು. ಒಂದು ದಿನ ಇತ್ತ ಬೇಳೆ ಕಡಿಮೆ ಬಿದ್ದು ಅತ್ತ ಕೇಳಿದಾಗ, ಕಸ್ತೂರೆಮ್ಮ ಒಂದು ಬಟ್ಟಲು ಅಳೆದು ಕೊಟ್ಟಳು. ಅಳೆದು ಕೊಟ್ಟದ್ದನ್ನು ಪಾರ್ವತೆಮ್ಮ ನೋಡಿದಳು, ಅಳೆದವಳೂ ನೋಡಿದಳು. ಎರಡು ದಿನದ ಮೇಲೆ ಪಾರ್ವತೆಮ್ಮ ಒಂದು ಬಟ್ಟಲು ಬೇಳೆ ಅಡುಗೆಮನೆಯ ಹೊಸ್ತಿಲ ಮೇಲಿಟ್ಟು ಬಂದಳು. ಬೇಡ ಅತ್ತಿ ಎಂದು ಯಾರೂ ಅನ್ನಲಿಲ್ಲ.

ಲಿಂಗಸುಗೂರಿನಿಂದ ಕಸ್ತೂರೆಮ್ಮನ ಅಪ್ಪ ಬಂದದ್ದು ಅದೇ ವಾರ. ಮಗಳ ಬರಿದಾದ ಮುಂಗೈ ನೋಡಿದ, ಕೇಳಲಿಲ್ಲ, ಊಟ ಮಾತ್ರ ಮಗಳ ಒಲೆಯದನ್ನೇ ಉಂಡ. ಹೋಗುವಾಗ ಕಟ್ಟೆಯ ಮೇಲೆ ಚಪ್ಪಲಿ ಮೆಟ್ಟುತ್ತ ಅಳಿಯನಿಗೆ, ಬ್ಯಾರೆ ಆಗಿದ್ದು ಚಲೋ ಆತು, ಮೊದಲ ಆಗಬೇಕಿತ್ತು ಎಂದ. ಗೋಡೆಯ ಈಚೆ ಜೋಳ ಹಸನು ಮಾಡುತ್ತಿದ್ದ ಪಾರ್ವತೆಮ್ಮನ ಮೊರ ಒಂದು ಕ್ಷಣ ನಿಂತು ಮತ್ತೆ ಅಲುಗಿತು.

ಸಾಹೇಬರು ಬಂದರು. ಎರಡೂ ಒಲೆ ನೋಡಿದರು. ಎರಡೂ ಉರಿಯುತ್ತಿದ್ದವು. ಪಾರ್ವತೆಮ್ಮ ಆಗಷ್ಟೇ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿ ಇಡುತ್ತಿದ್ದಳು.

"ಏನಮ್ಮಾ, ಮಗ ಬ್ಯಾರೆ, ನೀವು ಬ್ಯಾರೆ ಖರೇನಾ?"

ಐವತ್ತೆರಡು ವರ್ಷದಲ್ಲಿ ಲಿಂಗ ಕೈಯಲ್ಲಿರುವಾಗ ಆಕೆ ಸುಳ್ಳಾಡಿರಲಿಲ್ಲ. ಜಂಬಣ್ಣ ಗಿರಣಿಯ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಮಗ ತಾಯಿಯ ಬಾಯಿಯನ್ನೇ ನೋಡುತ್ತಿದ್ದ.

"ಖರೇನರಿ," ಎಂದಳು ಪಾರ್ವತೆಮ್ಮ. "ಬ್ಯಾರೆ ಅದೀವಿ."

ಹೇಳುವ ಮೊದಲು ಅದು ಸುಳ್ಳಾಗಿತ್ತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಸಾಹೇಬರು ಬರೆದುಕೊಂಡರು.

ಹನ್ನೆರಡು ದಿನದ ಮೇಲೆ ಅರ್ಜಿ ತಿರುಗಿ ಬಂತು. ಪಾಲುಪತ್ರ ಆಗಿ ತಿಂಗಳೂ ಆಗಿಲ್ಲ, ಮನೆ ನಂಬರು ಒಂದೇ, ತಂದೆಯ ಹಳೆಯ ನಡತೆ ದಾಖಲೆಯಲ್ಲಿದೆ, ಅಡಮಾನ ಸಾಲ ಕೊಡಲು ಬರುವುದಿಲ್ಲ ಎಂದಿತ್ತು. ಕನ್ನಡದಲ್ಲಿ ಚೆನ್ನಾಗಿ, ಮರ್ಯಾದೆಯಿಂದ ಬರೆದಿದ್ದರು. ಜಂಬಣ್ಣನ ಹೆಸರಿಗೆ ಮೊದಲು ಶ್ರೀ ಎಂದೂ ಹಾಕಿದ್ದರು.

ದಸರೆ ಮುಗಿದ ಮೂರನೇ ದಿನ ಹಾಜಿಸಾಬ ಬಂದ. ಸಂಚಕಾರದಲ್ಲಿ ಎಂಟು ಸಾವಿರ ವಾಪಸು ಕೊಟ್ಟು, ಪೂರಾ ಕೊಡೋ ತಾಕತ್ತಿಲ್ಲ, ಮಾಫಿ ಮಾಡಬೇಕು ಎಂದ. ಜಂಬಣ್ಣ ಅವನ ಎರಡೂ ಕೈ ಹಿಡಿದುಕೊಂಡ. ಗಂಗಾವತಿಯವರ ಆಳುಗಳು ಬಂದು ಪಡಸಾಲೆಯ ಅಳತೆ ತೆಗೆದರು. ಬೀಸುಗಲ್ಲುಗಳನ್ನು ಕೀಳುವ ಹೊತ್ತಿಗೆ ಬುಟ್ಟಿ ಹೊತ್ತು ಬಂದ ಇಬ್ಬರು ಹೆಣ್ಣುಮಕ್ಕಳು ನಿಂತು ನೋಡಿ, ಬೇರೆ ಗಿರಣಿಯ ದಾರಿ ಹಿಡಿದರು. ಮೋಟಾರು ನಿರಾಶ್ರಿತರ ಆರ್.ಎಚ್. ಕ್ಯಾಂಪಿನವನೊಬ್ಬನಿಗೆ ಹೋಯಿತು. ಆ ಹಣದಲ್ಲಿ ಮೊದಲು ಬಿಲ್ವಾರ ಬಿಡಿಸಬೇಕೆಂದು ಪಾರ್ವತೆಮ್ಮ ಹೇಳಿದಳು. ಸೇಟನ ಬಡ್ಡಿ ಕಳೆದು ಒಂದೇ ಬಿಲ್ವಾರ ಬಂತು. ಕಸ್ತೂರೆಮ್ಮ ಅದನ್ನು ಕೈಗೆ ಹಾಕಿಕೊಳ್ಳಲಿಲ್ಲ, ಪೆಟ್ಟಿಗೆಯಲ್ಲಿಟ್ಟಳು.

ಹೊಸ ಬಾಡಿಗೆ ಮನೆ ಊರಾಚೆ, ಕಾಲುವೆಯ ದಂಡೆಗೆ. ಒಂದೇ ಖೋಲಿ, ಮೇಲೆ ತಗಡು. ಶಿವಶರಣಪ್ಪ, ತನ್ನ ಅಪ್ಪ ಒಂದು ಕಾಲಕ್ಕೆ ಚೀಲ ಹೊತ್ತಿದ್ದ ಅಕ್ಕಿ ಗಿರಣಿಯಲ್ಲೇ ಚೀಲ ಹೊರಲು ಸೇರಿದ್ದ. ಸಾಮಾನಿನ ಬಂಡಿ ಇಳಿಸಿದ ದಿನವೂ ರಜೆ ಸಿಕ್ಕಿರಲಿಲ್ಲ. ಜಂಬಣ್ಣ ಬಾಗಿಲಾಚೆ ಕಾಲುವೆಯ ನೀರು ನೋಡುತ್ತ ಕೂತಿದ್ದ. ಹಣೆ ಬರಿದಾಗಿತ್ತು.

ಪಾರ್ವತೆಮ್ಮ ಮೂರು ಕಲ್ಲು ಹುಡುಕಿ ತಂದು ಒಲೆ ಹೂಡಿದಳು. ಖೋಲಿ ಸಣ್ಣದು, ಹೊಗೆ ಹೋಗಲು ಒಂದೇ ಕಿಂಡಿ. ಐದು ರೊಟ್ಟಿ ಆಗುವಷ್ಟು ಹಿಟ್ಟು ನಾದುವ ಕೊಣಮಿಗೆಗೆ ಹಾಕಿ, ಮತ್ತೆ ಮೂರು ಹಿಡಿ ಹಾಕಿದಳು. ನಾಲ್ಕು ಮಂದಿಗೆ ಸಾಕು. ತಲೆ ಎತ್ತಿದಾಗ ಕಸ್ತೂರೆಮ್ಮ ಎದುರಿನ ಮೂಲೆಯಲ್ಲಿ ಸೀಮೆಎಣ್ಣೆ ಸ್ಟೋವ್ ಇಟ್ಟು, ಅದಕ್ಕೆ ಗಾಳಿ ಹೊಡೆಯುತ್ತಿದ್ದಳು. ಪಕ್ಕದಲ್ಲಿ ಎರಡೇ ತಾಟು ತೊಳೆದಿಟ್ಟಿದ್ದಳು.

"ಕಸ್ತೂರಿ," ಎಂದಳು ಪಾರ್ವತೆಮ್ಮ, ಹಿಟ್ಟಿನ ಕೈ ಎತ್ತಿಹಿಡಿದು. "ಆ ಸಾಹೇಬರು ಇನ್ನ ಬರಂಗಿಲ್ಲವ್ವಾ."

"ಗೊತ್ತೈತಿ, ಅತ್ತಿ," ಎಂದಳು ಕಸ್ತೂರೆಮ್ಮ, ಮತ್ತು ಕಡ್ಡಿ ಗೀರಿದಳು.